ಗಸಗಸೆಯ ಪರೀಕ್ಷೆ

ಹೊಸೂರಿನ ಮೂಕಂಡಪಲ್ಲಿ, ಮೂರನೇ ಗಲ್ಲಿ.
ಲಾರಿಗೆ ಪಟ್ಟಿ ಬಾಗಿಸುವವರ ಪಕ್ಕದ ಶೆಡ್ಡಿನಲ್ಲಿ
ನಾವು ತಾಮ್ರದ ಬಲೆ ನೇಯುತ್ತೇವೆ.
ಮೀನಿಗಲ್ಲ. ಸೊಳ್ಳೆಗೂ ಅಲ್ಲ.

ಯಾತಕ್ಕೆ ಎಂದರೆ ಸಂಪಂಗಿಯಣ್ಣ
ತಮಿಳಲ್ಲಿ ಒಂದು ಹೇಳುತ್ತಿದ್ದ, ತೆಲುಗಲ್ಲಿ ಇನ್ನೊಂದು,
ನನಗೆ ಕನ್ನಡದಲ್ಲಿ: "ಏನೋ ಸೂರ್ಯನ ಕೆಲಸ ಕಣಮ್ಮ,
ಬಿಲ್ಲು ಮಾತ್ರ ಸರಿಯಾಗಿ ಪಾಸಾಗುತ್ತೆ."

ಆಮೇಲೊಂದು ದಿನ ಇಳಂಪರಿದಿ ಸಾರ್ ಬಂದರು.
ಹೆಸರಿನ ಅರ್ಥ ಎಳೆಸೂರ್ಯ ಅಂತೆ; ಆಳು ನೋಡಿದರೆ
ನಿದ್ದೆಗೆಟ್ಟ ಪೋಸ್ಟ್‌ಮ್ಯಾನ್.
ಜೇಬಿಂದ ಬೆಂಕಿಪೊಟ್ಟಣ ತೆಗೆದರು.
ಒಳಗೆ ಕಡ್ಡಿಯಿಲ್ಲ.
ಒಂದು ರಬ್ಬರ್ ಬಳೆ, ಅರ್ಧ ಕರಗಿ,
ಹಲ್ಲಿ ಬಿಟ್ಟುಹೋದ ಬಾಲದ ಹಾಗೆ ಸುರುಟಿಕೊಂಡದ್ದು.
"ಕೋಟಿ ಡಿಗ್ರಿಯ ನಡುಮನೆಗೆ ಏನೂ ಆಗಲಿಲ್ಲ.
ಸುಟ್ಟಿದ್ದು ಇದು.
ಕಿಟಕಿಯ ಹಿಂದೆ, ಯಾರೂ ನೋಡದ ಮೂಲೆಯಲ್ಲಿ."

ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು:
ಉಕ್ಕಿನ ದೊಡ್ಡ ಕೊಪ್ಪರಿಗೆ, ಅದರೊಳಗೆ
ಗೋಡೆ ಮುಟ್ಟದೆ ಸುತ್ತುವ ಬೆಂಕಿ.
ಆ ಬೆಂಕಿಯನ್ನೂ ಕಾಯಿಸಬೇಕು,
ಅದಕ್ಕೆ ಕೊಳವೆಯಿಂದ ಅಲೆ ಬಿಡುತ್ತಾರೆ.
ಕ್ಯಾಂಟೀನಿನಲ್ಲಿ ಸಾಂಬಾರು ಬಿಸಿ ಮಾಡುವ ಡಬ್ಬಿಯ ಅಲೆ
ಅರ್ಧ ಗೇಣು.
ಇದು ದಪ್ಪ ರಾಗಿಕಾಳಿನಷ್ಟು.
ಬೆಂಕಿ ಹೀರಿದಷ್ಟು ಹೀರಿತು.
ಉಳಿದದ್ದು ಬಂದ ದಾರಿಯಲ್ಲಿ ವಾಪಸು ಹೋಗುವುದಿಲ್ಲ.
ಊಟಕ್ಕೆ ಕರೆದು ಎಲೆ ಹಾಕದೆ ಬಿಟ್ಟ ನೆಂಟನ ಹಾಗೆ
ಗೋಡೆಯಿಂದ ಗೋಡೆಗೆ ಅಲೆದು,
ಸಿಕ್ಕ ಬಾಗಿಲನ್ನೆಲ್ಲ ತಳ್ಳಿ ನೋಡಿ,
ತಂತಿಯ ಸಂದು, ಕ್ಯಾಮೆರಾದ ಗಾಜು, ರಬ್ಬರಿನ ಸೀಲು,
ಎಲ್ಲಿ ಮೆತ್ತಗಿದೆಯೋ ಅಲ್ಲಿ ಕೂತುಬಿಡುತ್ತದೆ.
ಅದರ ತಪ್ಪೇನಿಲ್ಲ.
ಬಂದದ್ದು ಕಾಯಿಸಲೆಂದೇ. ಕಾಯಿಸುತ್ತದೆ.

ಹಾಗಾಗಿ ಕಿಟಕಿಗೊಂದು ಬಲೆ.
ಬೆಳಕು ದಾಟಬೇಕು, ಕ್ಯಾಮೆರಾ ಒಳಗೆ ಇಣುಕಬೇಕು,
ರಾಗಿಯಷ್ಟು ಉದ್ದದ ಅಲೆ ಮಾತ್ರ
ಮೂಗು ಒತ್ತಿ ಹಿಂದಿರುಗಬೇಕು.

ಅಳತೆಯ ಯಂತ್ರ ಇದೆ ನಮ್ಮಲ್ಲಿ.
ಬಲೆಯೊಂದಕ್ಕೆ ಹನ್ನೆರಡು ಕಡೆ ನೋಡಿ ಹಸಿರು ದೀಪ ಹಾಕುತ್ತದೆ.
ಬಲೆಗೆ ಎಷ್ಟು ಸಾವಿರ ಕಣ್ಣು?
ನಾನು ಬಾಗಲೂರು ರಸ್ತೆಯ ಅಂಗಡಿಯಿಂದ
ಐವತ್ತು ಗ್ರಾಂ ಗಸಗಸೆ ತಂದೆ.
ಕೆಳಗೆ ಕಪ್ಪು ಬಟ್ಟೆ ಹಾಸಿ, ಬಲೆಯ ಮೇಲೆ ಸುರಿದು,
ಅಂಗೈಯಲ್ಲಿ ಮೆಲ್ಲಗೆ ಆಡಿಸುತ್ತೇನೆ.
ಬಟ್ಟೆಯ ಮೇಲೆ ಒಂದು ಕಾಳು ಕಂಡರೂ ರಿಜೆಕ್ಟು.
ಗುರ್ರಮ್ಮ ನಗುತ್ತಾಳೆ: "ಏಮೇ, ಪಾಯಸಮಾ?"

ಶನಿವಾರ. ಗೇಟಿನಲ್ಲಿ ವ್ಯಾನು ಹಾರ್ನ್ ಹೊಡೆಯುತ್ತಿತ್ತು.
ಮೂವತ್ತು ಬಲೆ ಪ್ಯಾಕಾಗಿತ್ತು.
ಮೂವತ್ತೊಂದನೆಯದರಲ್ಲಿ
ಒಂದು ಕಾಳು ಬಿತ್ತು.

ಸಂಪಂಗಿಯಣ್ಣ ಬಗ್ಗಿ ನೋಡಿದ. ಹಸಿರು ದೀಪ ತೋರಿಸಿದ.
"ಒಂದೇ ಒಂದು ಕಣ್ಣು, ಪೊನ್ನುತಾಯಿ.
ಯಾರ ಕಣ್ಣಿಗೆ ಬೀಳುತ್ತೆ?"

"ಕಣ್ಣಿಗಾದರೆ ತಪ್ಪಿಸಬಹುದು ಅಣ್ಣ," ಅಂದೆ.
"ಅಲೆಗೆ ಕಣ್ಣಿಲ್ಲ. ಅದು ತಡಕುತ್ತೆ."

ಅವನು ಏನೂ ಅನ್ನಲಿಲ್ಲ.
ತಾಮ್ರದ ರೇಟು ನೆನೆಸಿಕೊಳ್ಳುತ್ತಿದ್ದನೋ,
ಬೆಂಕಿಪೊಟ್ಟಣವನ್ನೋ, ಗೊತ್ತಿಲ್ಲ.
ಬಿಲ್ಲಿನಲ್ಲಿ ಒಂದರ ಮೇಲೆ ಗೀಟು ಎಳೆದ.
ವ್ಯಾನು ಮೂವತ್ತರ ಜೊತೆ ಹೋಯಿತು.
ಆ ತಿಂಗಳ ಸಂಬಳದಲ್ಲಿ ಇನ್ನೂರು ಕಮ್ಮಿ ಇತ್ತು.
ಕೇಳಲಿಲ್ಲ ನಾನು.

ಮೂವತ್ತೊಂದನೆಯದು ಈಗ ನಮ್ಮ ಅಡುಗೆಮನೆಯ ಕಿಟಕಿಗಿದೆ.
ಬೆಳಿಗ್ಗೆ ಏಳಕ್ಕೆ ಬಿಸಿಲು ಅದನ್ನು ಹಾದು
ಎದುರು ಗೋಡೆಗೆ ನುಣ್ಣಗೆ ಹರಡುತ್ತದೆ.
ಆ ದೊಡ್ಡ ಕಣ್ಣು ಯಾವುದೆಂದು
ಹಾಲು ಉಕ್ಕುವವರೆಗೂ ಹುಡುಕುತ್ತೇನೆ.
ಗಸಗಸೆಗೆ ಸಿಕ್ಕಿದ್ದು
ನನಗಿನ್ನೂ ಸಿಕ್ಕಿಲ್ಲ.